ಕೋಲಾರದ ಪಿನ್‌ಕೋಡನ್ನು ಒಡೆದು ನೋಡಿದಾಗ

ನಾನು ಕೋಲಾರದಲ್ಲಿ ಮನೆಪಾಠ ಹೇಳುತ್ತೇನೆ. ಹತ್ತನೇ ಕ್ಲಾಸಿನವರಿಗೆ ಅವಿಭಾಜ್ಯ ಅಪವರ್ತನ ಕಲಿಸುವಾಗ ಚಿಕ್ಕ ಸಂಖ್ಯೆ ಕೊಟ್ಟರೆ ಮಜಾ ಇಲ್ಲ, ಮಗ್ಗಿ ಬಂದರೆ ಮುಗಿಯಿತು. ಹಾಗಾಗಿ ಊರಿನ ಪಿನ್‌ಕೋಡನ್ನೇ ಬೋರ್ಡ್ ಮೇಲೆ ಬರೆದೆ: 563101.

2, 5 ಆಗುವುದಿಲ್ಲ, ನೋಡಿದರೇ ಗೊತ್ತಾಗುತ್ತದೆ. ಅಂಕಿಗಳನ್ನು ಕೂಡಿದರೆ 16, ಆದ್ದರಿಂದ 3 ಕೂಡ ಇಲ್ಲ. 7, 11, 13ಕ್ಕೆ ಮಾತ್ರ ನನ್ನ ಹತ್ತಿರ ಒಂದೇ ಉಪಾಯ ಇದೆ. ಈ ಮೂರನ್ನೂ ಗುಣಿಸಿದರೆ 1001 ಬರುತ್ತದೆ. ಅದರಿಂದಾಗಿ ಆರಂಕಿ ಸಂಖ್ಯೆಯನ್ನು ಮಧ್ಯಕ್ಕೆ ಕತ್ತರಿಸಿ ಕಳೆದರೆ ಸಾಕು: 563 − 101 = 462. ಇದು 7ಕ್ಕೂ ಹೋಗುತ್ತದೆ, 11ಕ್ಕೂ ಹೋಗುತ್ತದೆ, 13ಕ್ಕೆ ಹೋಗುವುದಿಲ್ಲ. ಪಿನ್‌ಕೋಡ್ ಕೂಡ ಹಾಗೆಯೇ. 77ರಿಂದ ಭಾಗಿಸಿದೆವು, 7313 ಬಂತು.

ಇದು ಸತಾಯಿಸುವ ಸಂಖ್ಯೆ. ಇದರ ವರ್ಗಮೂಲ 85ಕ್ಕಿಂತ ಸ್ವಲ್ಪ ಜಾಸ್ತಿ, ಹಾಗಾಗಿ 85ರೊಳಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು. 17, 19, 23 ಅಂತ 67ರವರೆಗೆ ಬಂದರೂ ಶೇಷ ಬರುತ್ತಲೇ ಇತ್ತು. 'ಸಾರ್, ಇದೇ ಅವಿಭಾಜ್ಯ ಅಂತ ಬರ್ಕೊಂಡ್ಬಿಡ್ಲಾ?' ಅಂದ ಒಬ್ಬ. ಮುಂದಿನದೇ 71. ಸರಿಯಾಗಿ 103 ಸಲ ಹೋಯಿತು.

563101 = 7 × 11 × 71 × 103.

ಮಕ್ಕಳು ಹೋದ ಮೇಲೆ ಸುಮ್ನೆ ಫರ್ಮಾ ವಿಧಾನದಲ್ಲೂ ನೋಡೋಣ ಅನ್ನಿಸಿತು. 17ನೇ ಶತಮಾನದ ಈ ಫ್ರೆಂಚ್ ಗಣಿತಜ್ಞ 2027651281ರಂಥ ಸಂಖ್ಯೆಯನ್ನು 44021 × 46061 ಅಂತ ಕೈಯಲ್ಲೇ ಒಡೆದವನು. ವರ್ಗಮೂಲಕ್ಕಿಂತ ಒಂಚೂರು ದೊಡ್ಡ ಪೂರ್ಣಾಂಕ ಹಿಡಿದು, ಅದರ ವರ್ಗದಿಂದ ನಮ್ಮ ಸಂಖ್ಯೆ ಕಳೆಯಬೇಕು. ಉಳಿದದ್ದು ಪೂರ್ಣವರ್ಗವಾದರೆ ಗೆದ್ದಂತೆ. ಆಗದಿದ್ದರೆ ಒಂದು ಕೂಡಿಸಿ ಮತ್ತೆ. ನಮ್ಮದಕ್ಕೆ 751 ಹಿಡಿಯಬೇಕು. 751ರ ವರ್ಗ 564001. ಕಳೆದರೆ 900, ಅಂದರೆ 30ರ ವರ್ಗ! ಮೊದಲ ಏಟಿಗೇ ಸಿಕ್ಕಿತು. 751ರಿಂದ 30 ಕಳೆದರೆ 721, ಕೂಡಿದರೆ 781. 721 ಅಂದರೆ 7 × 103, 781 ಅಂದರೆ 11 × 71.

ಎರಡು ಅಪವರ್ತನ ಅಕ್ಕಪಕ್ಕದಲ್ಲಿದ್ದರೆ ಈ ವಿಧಾನ ಹೀಗೆ ಬೇಗ ಮುಗಿಯುತ್ತದೆ. ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧವನ್ನು ಒಡೆಯುವುದು ಕಷ್ಟ ಅನ್ನುವುದರ ಮೇಲೆ ನಿಂತಿರುವ ಆರ್‌ಎಸ್‌ಎ ಗುಪ್ತಲಿಪಿಗೆ ಆ ಎರಡನ್ನು ಆರಿಸುವಾಗ ಅವು ತೀರಾ ಹತ್ತಿರ ಇರಬಾರದು ಅನ್ನುವುದೂ ಇದಕ್ಕೇ. ಮಕ್ಕಳಿಗೆ a² − b² = (a − b)(a + b) ಬಾಯಿಪಾಠ ಇರುತ್ತದೆ, ಅದರಿಂದ ಇಂಥ ಕೆಲಸ ಆಗುತ್ತದೆ ಅಂತ ಯಾರೂ ಹೇಳುವುದಿಲ್ಲ. ನನಗೆ ಇದು ಬೇಜಾರು.

ಮರುದಿನ ಒಬ್ಬಳು ಕೇಳಿದಳು, 'ಕಳೆದು ಬಂತು ಅಲ್ವಾ ಸಾರ್, ಎರಡು ವರ್ಗ ಕೂಡಿಸಿದರೆ ಬರಲ್ವಾ?' ಬರುವುದಿಲ್ಲ. 7, 11, 71, 103 ನಾಲ್ಕನ್ನೂ 4ರಿಂದ ಭಾಗಿಸಿದರೆ ಶೇಷ 3. ಅಂಥ ಅವಿಭಾಜ್ಯ ಬೆಸ ಸಲ ಬಂದರೆ ಆ ಸಂಖ್ಯೆ ಎರಡು ವರ್ಗಗಳ ಮೊತ್ತ ಆಗುವುದೇ ಇಲ್ಲ. ಒಂದಿದ್ದರೂ ಸಾಕಿತ್ತು, ಇಲ್ಲಿ ನಾಲ್ಕೂ ಅಂಥವೇ. ವರ್ಗಗಳ ವ್ಯತ್ಯಾಸವಾಗಿ ಬರೆಯುವುದಾದರೆ ಎಂಟು ದಾರಿ ಇವೆ, ಇದಕ್ಕೆ 16 ಭಾಜಕಗಳು ಇರುವುದರಿಂದ. ಉಳಿದ ಏಳನ್ನು ಹೋಮ್‌ವರ್ಕ್ ಕೊಟ್ಟೆ.

ಮುಳಬಾಗಿಲಿನ 563131ಕ್ಕೂ 751 ಹಾಕಿ ನೋಡಿದೆವು. 870 ಉಳಿಯುತ್ತದೆ, ವರ್ಗವಲ್ಲ. 752 ಹಾಕಿದರೆ 2373, ಅದೂ ಅಲ್ಲ.