ಘಟ್ಟ ಹತ್ತುವಾಗ ಮಾತ್ರ ಕರಿ ಹೊಗೆ

ಕುಮಟಾದಲ್ಲಿ ಮದುವೆ ಊಟ ಮುಗಿಸಿ ಶಿರಸಿಗೆ ವಾಪಸ್ ಬರುತ್ತಿದ್ದೆವು. ಕತಗಾಲದವರೆಗೆ ಕಾರು ಸರಿಯಾಗೇ ಇತ್ತು. ದೇವಿಮನೆ ಘಟ್ಟ ಶುರುವಾದದ್ದೇ ತಡ, ಉಬ್ಬಸದವರ ಹಾಗೆ ಏದುಸಿರು ಬಿಡತೊಡಗಿತು. ಯಾವಾಗಲೂ ಮೂರನೇ ಗೇರಿನಲ್ಲಿ ಹತ್ತುವ ಜಾಗದಲ್ಲಿ ಎರಡಕ್ಕೆ ಇಳಿಸಿದರೂ ಎಳೆಯಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಬೈಕಿನವನು ಮೂಗಿಗೆ ಟವೆಲ್ ಹಿಡಿದುಕೊಂಡಿದ್ದಾನೆ. ಅಷ್ಟು ಕರಿ ಹೊಗೆ.

ನನ್ನದು 2008ರ ಡೀಸೆಲ್ ಕಾರು. 1.5 ಲೀಟರ್ ಇಂಜಿನ್, ಗಾಳಿಯನ್ನು ಒತ್ತಿ ಒಳಗೆ ಊದುವ ಟರ್ಬೊ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಎಲ್ಲ ಇದೆ. ಓಡಿದ್ದು 1,68,000 ಕಿಲೋಮೀಟರ್. ಮರುದಿನ ಗ್ಯಾರೇಜಿಗೆ ಒಯ್ದೆ. ಅಲ್ಲಿ ನಿಲ್ಲಿಸಿ ಎಕ್ಸಲರೇಟರ್ ಒತ್ತಿದರೆ ಹೊಗೆಯೇ ಇಲ್ಲ! ಆದರೂ ಮೆಕ್ಯಾನಿಕ್, "ನಾಲ್ಕೂ ಇಂಜೆಕ್ಟರ್ ಹೋಗಿದೆ ಸಾರ್, 38,000 ಆಗ್ತದೆ" ಅಂದ. ನೋಡಿ ಹೇಳ್ತೇನೆ ಅಂತ ಹೊರಟು ಬಂದೆ.

ನನಗೆ ಯಾಕೋ ನಂಬಿಕೆ ಬರಲಿಲ್ಲ. ಇಂಜೆಕ್ಟರ್ ಅಂದರೆ ಇಂಜಿನ್ನಿನೊಳಗೆ ಡೀಸೆಲ್ ಚಿಮುಕಿಸುವ ನಳಿಗೆ. ಅದು ಕೆಟ್ಟರೆ ಸಾಮಾನ್ಯವಾಗಿ ನಿಂತಲ್ಲೂ ಇಂಜಿನ್ ಒರಟಾಗಿ ನಡುಗುತ್ತದೆ, ಟಕಟಕ ಅನ್ನುತ್ತದೆ. ನನ್ನದು ಮನೆ ಅಂಗಳದಲ್ಲಿ ಬೆಣ್ಣೆ ಹಾಗೆ ಓಡುತ್ತಿತ್ತು. ಹೊಗೆ ಬರುತ್ತಿದ್ದದ್ದು ಏರಿನಲ್ಲಿ, ಭಾರ ಬಿದ್ದಾಗ ಮಾತ್ರ. ಕರಿ ಹೊಗೆ ಅಂದರೆ ಡೀಸೆಲ್ ಇದೆ, ಅದನ್ನು ಸುಡುವಷ್ಟು ಗಾಳಿ ಇಲ್ಲ ಅಂತ ಲೆಕ್ಕ. ನೀಲಿ ಬಣ್ಣ ಕಂಡರೆ ಇಂಜಿನ್ ಆಯಿಲ್ ಸುಡುತ್ತಿದೆ: ಟರ್ಬೊ ಸೀಲ್, ಪಿಸ್ಟನ್ ರಿಂಗ್ ಇತ್ಯಾದಿ ಸವೆದಿರಬಹುದು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಸಿಹಿ ವಾಸನೆ ಬಂದು, ಇಂಜಿನ್ ತಣಿಸುವ ಕೂಲಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗದ ಸಂದು ಮುಚ್ಚುವ ಹಾಳೆ) ಮೇಲೆ ಸಂಶಯ. ನೀಲಿ ಹೊಗೆ ಜಾಸ್ತಿ ಇದ್ದರೆ ಗಾಡಿ ಓಡಿಸಲೇಬೇಡಿ. ಟರ್ಬೊದಿಂದ ಸೋರಿದ ಆಯಿಲನ್ನೇ ಕುಡಿದು ಡೀಸೆಲ್ ಇಂಜಿನ್ ಕೀ ತೆಗೆದರೂ ನಿಲ್ಲದೆ ಓಡುವುದುಂಟು.

ನನ್ನದು ಕರಿ. ಹಾಗಾಗಿ ಗಾಳಿಯ ದಾರಿ ಹಿಡಿದು ಹೊರಟೆ. ಏರ್ ಫಿಲ್ಟರ್ ಡಬ್ಬಿ ತೆಗೆದರೆ ಒಳಗೆ ಏಳೆಂಟು ಹಲಸಿನ ಬೇಳೆ! ಇಲಿ ಮಳೆಗಾಲಕ್ಕೆ ದಾಸ್ತಾನು ಮಾಡಿಟ್ಟಿತ್ತು. ಕಳ್ಳ ಸಿಕ್ಕಿದ ಅಂತ ಖುಷಿಯಲ್ಲಿ ಹೊಸ ಫಿಲ್ಟರ್ ಹಾಕಿದೆ. ಏನೂ ಫರಕಾಗಲಿಲ್ಲ. ಡೀಸೆಲ್ ಫಿಲ್ಟರಿನ ನೀರು ಇಳಿಸಿದೆ, ನಾಲ್ಕು ಹನಿ ಬಂತು ಅಷ್ಟೇ.

ಆಮೇಲೆ ಒಂದು ಭಾನುವಾರ ಸುಮ್ನೆ ಹಾಳು ಮಾಡಿಕೊಂಡೆ. ಯಾರೋ ಇಜಿಆರ್ ವಾಲ್ವ್ ಅಂದರು. ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೇ ಕಳಿಸುವ ವಾಲ್ವ್ ಅದು. ಬಾಯಿ ತೆರೆದೇ ನಿಂತರೆ ಕರಿ ಹೊಗೆ ಬರುವುದು ನಿಜ. ಬಿಚ್ಚಿದರೆ ಬಾಣಲೆ ತಳದ ಹಾಗೆ ಎಣ್ಣೆ ಮಸಿ. ಒಂದೂವರೆ ಡಬ್ಬಿ ಕ್ಲೀನರ್ ಹೊಡೆದು ತೊಳೆದೆ. ಉಗುರಿನ ಕಪ್ಪು ಹೋಗಲು ನಾಲ್ಕು ದಿನ ಬೇಕಾಯಿತು. ಹೊಗೆ ತುಸು ಕಡಿಮೆಯಾಯಿತು, ಎಳೆತ ಮಾತ್ರ ಬರಲಿಲ್ಲ. ಅಳತೆ ನೋಡದೆ ಬಿಚ್ಚಿದ್ದೇ ತಪ್ಪು.

ಅಣ್ಣನ ಮಗನ ಹತ್ತಿರ ಕಾರಿನ ಕಂಪ್ಯೂಟರ್ ಹೇಳುವುದನ್ನು ಫೋನಿನಲ್ಲಿ ತೋರಿಸುವ ಬ್ಲೂಟೂತ್ ಸ್ಕ್ಯಾನರ್ ಇತ್ತು. ಚುಚ್ಚಿದಾಗ ಪಿ0299 ಅಂತ ಕೋಡ್ ಬಂತು. ಟರ್ಬೊ ಒತ್ತಡ ಸಾಲುತ್ತಿಲ್ಲ ಅಂತ ಅರ್ಥ. ಆದರೆ ಕೋಡ್‌ಗಿಂತ ನನಗೆ ಉಪಯೋಗಕ್ಕೆ ಬಂದದ್ದು ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ಅಂಕಿ. ಇಂಜಿನ್ ಆರಿಸಿ ಕೀ ಮಾತ್ರ ಆನ್ ಮಾಡಿದರೆ ಅದು ಹೊರಗಿನ ಗಾಳಿಯ ಒತ್ತಡ ತೋರಿಸಬೇಕು. ಶಿರಸಿಯಲ್ಲಿ 94 ಕಿಲೋಪ್ಯಾಸ್ಕಲ್ ಬಂತು. ಸಮುದ್ರ ಮಟ್ಟದಲ್ಲಿ 101 ಇರುತ್ತದೆ, ನಮ್ಮೂರು ಎತ್ತರದಲ್ಲಿದೆಯಲ್ವಾ, ಅಂದರೆ ಸೆನ್ಸರ್ ಸರಿ ಇದೆ. ಮತ್ತೆ ಘಟ್ಟಕ್ಕೆ ಹೋದೆವು. ನಾನು ಓಡಿಸಿದೆ, ಹೆಂಡತಿ ಫೋನ್ ನೋಡಿ ಅಂಕಿ ಓದಿದಳು. "ನೂರಿಪ್ಪತ್ತು... ಇಪ್ಪತ್ತೆಂಟು... ಮೇಲೆ ಹೋಗ್ತಾ ಇಲ್ಲ." ಪೂರ್ತಿ ಒತ್ತಿದಾಗ 200ರ ಹತ್ತಿರ ಹೋಗಬೇಕಿತ್ತು. ಟರ್ಬೊ ಕೂಗುವುದು ಕೇಳುತ್ತಿತ್ತು. ಅದು ಊದಿದ ಗಾಳಿ ದಾರಿಯಲ್ಲೆಲ್ಲೋ ಸೋರಿ ಹೋಗುತ್ತಿತ್ತು.

ಸೋರಿಕೆ ಹುಡುಕಲು ತೋಟದ ಸಾಮಾನೇ ಸಾಕಾಯಿತು. ಸ್ಪ್ರಿಂಕ್ಲರ್ ಲೈನಿಗೆ ತಂದು ಉಳಿದಿದ್ದ 50 ಎಂಎಂ ಪಿವಿಸಿ ಪೈಪಿನ ಎರಡು ತುಂಡು, ಎರಡು ಎಂಡ್ ಕ್ಯಾಪ್. ಒಂದಕ್ಕೆ ತೂತು ಕೊರೆದು ಟ್ಯೂಬ್‌ಲೆಸ್ ಟಯರಿನ ವಾಲ್ವ್ ಎಳೆದು ಕೂರಿಸಿದೆ. ಟರ್ಬೊ ಕಡೆಯ ಹೋಸ್ ಬಿಚ್ಚಿ ಅಲ್ಲೊಂದು, ಇಂಜಿನ್ ಕಡೆಯ ತುದಿಗೆ ಇನ್ನೊಂದು ತುರುಕಿ ಕ್ಲಿಪ್ ಬಿಗಿದೆ. ಗೇಜ್ ಇರುವ ಕೈಪಂಪಿನಿಂದ 12 ಪಿಎಸ್‌ಐ ಹೊಡೆದೆ. 15 ದಾಟಿಸಬೇಡಿ, ಕ್ಯಾಪ್ ಹಾರಿ ಮುಖಕ್ಕೆ ಬಂದೀತು. ಎರಡು ಪಿಎಸ್‌ಐ ಇದ್ದಾಗ ಶಬ್ದವೇ ಇಲ್ಲ. ಎಂಟು ದಾಟುತ್ತಿದ್ದ ಹಾಗೆ ಉಸ್ಸ್ ಅಂತ ಶುರುವಾಯಿತು. ಸೋಪಿನ ನೀರು ಸುರಿದೆ. ಇಂಟರ್‌ಕೂಲರ್ ಹೋಸಿನ ಅಡಿಯಲ್ಲಿ, ಕ್ಲಿಪ್ಪಿನ ಪಕ್ಕ, ನೊರೆ ಉಕ್ಕಿತು. ಕಿರುಬೆರಳಿನಷ್ಟು ಉದ್ದದ ಸೀಳು. ಸುತ್ತಲೂ ಎಣ್ಣೆಗೆ ಹತ್ತಿದ ಧೂಳು. ಆ ಕಲೆಯನ್ನು ಮೊದಲ ದಿನವೇ ಕೈಯಾಡಿಸಿ ನೋಡಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ಗಾಳಿ ತುಂಬಿದಾಗ ಮಾತ್ರ ಬಾಯಿ ತೆರೆಯುವ ಸೀಳು ಅದು, ನಿಂತಲ್ಲಿ ಮುಚ್ಚಿಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಹೊಗೆ ಕಾಣದಿದ್ದದ್ದು ಇದಕ್ಕೇ.

ಸೈಕಲ್ ಟ್ಯೂಬ್ ಸುತ್ತಿ ನೋಡಿದೆ. ಘಟ್ಟದ ದಾರಿಯಲ್ಲಿ ಸಿಗುವ ಬಂಡಲ ತಲುಪುವಷ್ಟರಲ್ಲಿ ಎಣ್ಣೆಗೆ ಜಾರಿ ಕಿತ್ತು ಬಂತು. ಕೊನೆಗೆ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹೊಸ ಹೋಸ್ ತರಿಸಿದೆ, 2,300 ರೂಪಾಯಿ. ಹಳೇ ಕ್ಲಿಪ್ ಬಿಸಾಕಿ ಎರಡೂ ಹೊಸದೇ ಹಾಕಿದೆ.

ಅದೇ ಘಟ್ಟದಲ್ಲಿ ಮೂರನೇ ಗೇರು, ಅಂಕಿ 196. ಹಿಂದೆ ಹೊಗೆ ಇಲ್ಲ. ಈಗ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅರ್ಧ ನಿಮಿಷ ಬಿಳಿ ಹೊಗೆ ಬರುತ್ತಿದೆ, ಡೀಸೆಲ್ ವಾಸನೆಯೂ ಇದೆ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗಲು ಬಿಸಿ ಕೊಡುವ ಗ್ಲೋ ಪ್ಲಗ್ ಒಂದು ಹೋಗಿರಬೇಕು. ಮಳೆ ಬಿಟ್ಟ ಮೇಲೆ ನೋಡಬೇಕು. ಇಲಿ ಬರದಂತೆ ಏರ್ ಫಿಲ್ಟರ್ ಬಾಯಿಗೆ ಜಾಲರಿ ಅಂತೂ ಹಾಕಿಟ್ಟಿದ್ದೇನೆ.