ಡಿ ಆರ್ಬಿಟಲ್ ಚಿತ್ರ ಬಿಡಿಸುವುದು ಹೇಗೆ?

ಪರಮಾಣುವಿನಲ್ಲಿ ಎಲೆಕ್ಟ್ರಾನ್ ಹೆಚ್ಚಾಗಿ ಸಿಗುವ ಜಾಗವೇ ಆರ್ಬಿಟಲ್. ಅದರಲ್ಲಿ ಡಿ ಬಗೆಯ ಐದು ಆರ್ಬಿಟಲ್‌ಗಳ ಚಿತ್ರ ಬರೆಯಿರಿ ಅಂದರೆ ಪಿಯುಸಿ ಮಕ್ಕಳಲ್ಲಿ ಎಷ್ಟೋ ಜನ ಒಂದೇ ಚಿತ್ರವನ್ನು ನಾಲ್ಕು ಸಲ ಬಿಡಿಸುತ್ತಾರೆ. ಕೆಳಗಿನ ಹೆಸರು ಮಾತ್ರ ಬೇರೆ. ತಪ್ಪುವುದು ಲೋಬ್ (ಹೂದಳದಂಥ ಭಾಗ) ಅಲ್ಲ, ಅಕ್ಷ.

ಮೊದಲು ಅಕ್ಷ ಎಳೆದು ಹೆಸರು ಬರೆಯಿರಿ. ಪೆನ್ಸಿಲ್ಲೇ ಇರಲಿ. ಮೂರು ಆಯಾಮದ ಚಿತ್ರದ ಗೋಜು ಈಗಲೇ ಬೇಡ, ಎಕ್ಸ್ ಮತ್ತು ವೈ ಸಾಕು.

ಈಗ ಎಕ್ಸ್‌ವೈ ಅನ್ನೋ ಆರ್ಬಿಟಲ್. ಇಲ್ಲಿ ಅವಸರ ಮಾಡಬೇಡಿ. ಎಕ್ಸನ್ನು ವೈಯಿಂದ ಗುಣಿಸಿ ನೋಡಿ. ಅಕ್ಷದ ಮೇಲೆ ಎರಡರಲ್ಲೊಂದು ಸೊನ್ನೆ, ಹಾಗಾಗಿ ಗುಣಲಬ್ಧವೂ ಸೊನ್ನೆ. ಅಂದರೆ ಅಕ್ಷದ ಮೇಲೆ ಲೋಬ್ ಇರುವಂತೆಯೇ ಇಲ್ಲ! ನಾಲ್ಕೂ ಲೋಬ್ ಅಕ್ಷಗಳ ನಡುವೆ, 45 ಡಿಗ್ರಿಯಲ್ಲಿ ಕೂರುತ್ತವೆ. ಬಲ ಮೇಲ್ಭಾಗದಲ್ಲಿ ಎರಡೂ ಪ್ಲಸ್, ಆದ್ದರಿಂದ ಲೋಬ್ ಪ್ಲಸ್. ಎಡ ಮೇಲ್ಭಾಗದಲ್ಲಿ ಎಕ್ಸ್ ಮೈನಸ್, ಲೋಬೂ ಮೈನಸ್. ಎಡ ಕೆಳಗೆ ಎರಡೂ ಮೈನಸ್, ಗುಣಿಸಿದರೆ ಮತ್ತೆ ಪ್ಲಸ್. ಎದುರುಬದುರಿನ ಲೋಬ್‌ಗಳಿಗೆ ಒಂದೇ ಚಿಹ್ನೆ ಬಂತು ಅಲ್ವಾ? ಇದು ಎಲೆಕ್ಟ್ರಾನ್ ತರಂಗದ ಚಿಹ್ನೆ, ವಿದ್ಯುದಾವೇಶದ್ದಲ್ಲ. ಎಲೆಕ್ಟ್ರಾನ್ ಎಲ್ಲಿದ್ದರೂ ಋಣವೇ.

ವೈಝಡ್, ಝಡ್‌ಎಕ್ಸ್‌ಗೆ ಅಕ್ಷದ ಹೆಸರು ಬದಲಿಸಿದರೆ ಮುಗಿಯಿತು.

ಎಕ್ಸ್²–ವೈ²ನಲ್ಲಿ ಲೋಬ್‌ಗಳು ಅಕ್ಷದ ಮೇಲೇ. ಎಕ್ಸ್ ಅಕ್ಷದ ಎರಡೂ ತುದಿ ಪ್ಲಸ್, ವೈ ಅಕ್ಷದ್ದು ಮೈನಸ್. ‘ಹೆಸರಲ್ಲಿ ವರ್ಗ ಇದ್ದರೆ ಅಕ್ಷದ ಮೇಲೆ’ ಅನ್ನೋ ಶಾರ್ಟ್‌ಕಟ್ ಸರಿಯೇ, ಆದರೆ ಚಿಹ್ನೆ ಕೇಳಿದರೆ ಅದು ಕೈಕೊಡುತ್ತದೆ.

ಉಳಿದದ್ದು ಝಡ್². ಝಡ್ ಅಕ್ಷದ ಮೇಲೆ ಎರಡು ಲೋಬ್, ಸೊಂಟದ ಸುತ್ತ ಉದ್ದಿನ ವಡೆಯಂಥ ಬಳೆ. ಪಿ ಆರ್ಬಿಟಲ್ ರೂಢಿಯಲ್ಲಿ ಒಂದು ಲೋಬ್‌ಗೆ ಪ್ಲಸ್, ಇನ್ನೊಂದಕ್ಕೆ ಮೈನಸ್ ಹಾಕಿಬಿಡುತ್ತಾರೆ. ತಪ್ಪು. ಇದರ ಪೂರ್ತಿ ಹೆಸರು 2ಝಡ್²–ಎಕ್ಸ್²–ವೈ². ಝಡ್ ವರ್ಗವಾದ್ದರಿಂದ ಮೇಲೂ ಕೆಳಗೂ ಪ್ಲಸ್, ಬಳೆ ಮಾತ್ರ ಮೈನಸ್. ಬಳೆ ಎಕ್ಸ್‌ವೈ ಸಮತಲದಲ್ಲಿ ಮಲಗಿರಬೇಕು, ಓರೆಯಾಗಬಾರದು. ಆಕಾರ ಬೇರೆಯಾದರೂ ಬಿಡಿ ಪರಮಾಣುವಿನಲ್ಲಿ ಐದರ ಶಕ್ತಿಯೂ ಒಂದೇ.

ಅಂಗಡಿಯ ಕೆಲವು ಬಣ್ಣದ ಚಾರ್ಟ್‌ಗಳಲ್ಲಿ ಅಕ್ಷಕ್ಕೆ ಹೆಸರೇ ಇರುವುದಿಲ್ಲ. ಅಂಥದ್ದಕ್ಕೆ ಸುಮ್ನೆ ದುಡ್ಡು ಹಾಕಬೇಡಿ.

ದ್ವಿತೀಯ ಪಿಯುಸಿಯ ಕ್ರಿಸ್ಟಲ್ ಫೀಲ್ಡ್ ಪಾಠ ನಿಂತಿರುವುದೇ ಈ ಅಕ್ಷಗಳ ಮೇಲೆ. ನೀರಿನಲ್ಲಿ ಕರಗಿದ ಟೈಟಾನಿಯಂ 3+ ಅಯಾನನ್ನೇ ನೋಡಿ. ಆರು ನೀರಿನ ಅಣುಗಳು ಅಕ್ಷಗಳ ಮೇಲೆ ನಿಲ್ಲುತ್ತವೆ. ಅವುಗಳಿಗೆ ಎದುರಾಗುವ ಎಕ್ಸ್²–ವೈ² ಮತ್ತು ಝಡ್²ನ ಶಕ್ತಿ ಏರುತ್ತದೆ, ನಡುವೆ ಇರುವ ಮೂರರದ್ದು ಇಳಿಯುತ್ತದೆ. ಅದರ ಒಂದೇ ಒಂದು ಡಿ ಎಲೆಕ್ಟ್ರಾನ್ ಕೆಳಗಿನಿಂದ ಮೇಲಕ್ಕೆ ಹಾರಲು ಹಸಿರು ಬೆಳಕನ್ನು ಹೀರುತ್ತದೆ. ದ್ರಾವಣ ನೇರಳೆಯಾಗಿ ಕಾಣುವುದು ಅದಕ್ಕೇ.