ಹರಾಜಿನಲ್ಲಿ ರೇಸ್ ಕುದುರೆ ಕೊಳ್ಳುವ ಮುನ್ನ

ಹರಾಜಿಗೆ ಬರುವ ಒಂದು ವರ್ಷದ ಮರಿಗಳು ಇನ್ನೂ ಓಟ ಕಂಡಿರುವುದಿಲ್ಲವಾದ್ದರಿಂದ, ಕೊಳ್ಳುವವರು ವಂಶಾವಳಿ, ಮೈಕಟ್ಟು ಮತ್ತು ನಡಿಗೆಯನ್ನೇ ನಂಬಬೇಕಾಗುತ್ತದೆ. ಕ್ಯಾಟಲಾಗಿನಲ್ಲಿ ದಪ್ಪಕ್ಷರದಲ್ಲಿರುವ ಹೆಸರುಗಳು ಪ್ರಮುಖ ರೇಸುಗಳಲ್ಲಿ ಗೆದ್ದ ಅಥವಾ ಸ್ಥಾನ ಪಡೆದ, ಆ ಮರಿಯ ಸಂಬಂಧಿಗಳವು. ಅವು ತಾಯಿಗೆ ಎಷ್ಟು ಹತ್ತಿರದವು ಎಂಬುದನ್ನು ಮೊದಲು ನೋಡಿ.

ಬ್ಲಡ್‌ಸ್ಟಾಕ್ ಏಜೆಂಟರು, ಅಂದರೆ ಕೊಳ್ಳುವವರ ಪರವಾಗಿ ರೇಸ್ ಕುದುರೆ ಆರಿಸುವ ಮಧ್ಯವರ್ತಿಗಳು, ಅನೇಕ ಮರಿಗಳನ್ನು ನೋಡಿ ಕಿರುಪಟ್ಟಿ ಮಾಡುತ್ತಾರೆ, ಎಕ್ಸ್‌ರೇ ಮತ್ತು ಗಂಟಲಿನ ಎಂಡೋಸ್ಕೋಪಿಯನ್ನು ಪಶುವೈದ್ಯರಿಂದ ಪರಿಶೀಲಿಸಿಕೊಳ್ಳುತ್ತಾರೆ, ನಿಮ್ಮ ಪರವಾಗಿ ಬೆಲೆ ಕೂಗುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಖರೀದಿ ಬೆಲೆಯ ಶೇ. 5ರಷ್ಟು ಕಮಿಷನ್ ಇರುತ್ತದೆ. ಬೆಲೆ ಏರಿದಷ್ಟೂ ಅವರ ಆದಾಯವೂ ಏರುವುದರಿಂದ, ಗರಿಷ್ಠ ಮಿತಿಯನ್ನು ಬರೆದುಕೊಡುವುದೂ, ಮಾರುವವರಿಂದ ಗುಟ್ಟಾಗಿ ಹಣ ಪಡೆಯುವುದಿಲ್ಲವೆಂಬ ಲಿಖಿತ ಒಪ್ಪಂದವೂ ನನ್ನ ದೃಷ್ಟಿಯಲ್ಲಿ ಅನಿವಾರ್ಯ. ಹರಾಜುದಾರರ ಸುತ್ತಿಗೆ ಬಿದ್ದು ಮಾರಾಟ ಖಚಿತವಾದ ಕ್ಷಣದಿಂದ ಕುದುರೆಯ ಹೊಣೆ ಸಾಮಾನ್ಯವಾಗಿ ಕೊಂಡವರದೇ ಆಗಿರುವುದರಿಂದ ವಿಮೆಯನ್ನು ಮುಂಚಿತವಾಗಿಯೇ ಏರ್ಪಡಿಸಿಕೊಳ್ಳಿ.